ದೂರು ಖಾಲಿ ಇದೆ!

"ಇಲ್ಲಿ ಮೌನಿ ಅಂದ್ರೆ ಯಾರ್ರೀ?!"

ಬಾಗಿಲು ಗೋಡೆಗೆ ಬಡಿಯಿತು. ಓಪನ್ ಸೋರ್ಸ್ ಸಾಫ್ಟ್‌ವೇರ್ ಬರೆಯುವವರು, ಅಂದರೆ ಭಾನುವಾರವನ್ನೂ ಬಿಟ್ಟಿ ಕೆಲಸಕ್ಕೆ ಕೊಡುವ ಪುಣ್ಯಾತ್ಮರು, ಸೇರುವ ಕೋಣೆ ಅದು. ಲಿನಕ್ಸ್ ಕಂಪ್ಯೂಟರುಗಳ ಹಿಂದಿನಿಂದ ತಲೆಗಳು ಒಟ್ಟಿಗೆ ಮೇಲೆದ್ದವು. ಕಿಟಕಿಯ ಪಕ್ಕದವನದು ಮಾತ್ರ ಏಳಲಿಲ್ಲ.

"ನಾನೇ," ಎಂದ.

ಒಳನುಗ್ಗಿದ ಹುಡುಗಿ ಬಗಲಲ್ಲಿದ್ದ ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ನಮ್ಮಮ್ಮನ ಅನ್ನ ಕಿತ್ಕೊಂಡ ಮಹಾನುಭಾವ ನೀವೇನಾ?"

ಅವಳ ಅಮ್ಮನಿಗೆ ಕಣ್ಣು ಕಾಣದು. ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ನಂಬಿಕೊಂಡು, ಮನೆಯಿಂದಲೇ ಒಂದು ಆಸ್ಪತ್ರೆಯ ವಿಚಾರಣೆ ಕರೆಗಳಿಗೆ ಉತ್ತರ ಕೊಡುತ್ತಿದ್ದಳು. ಹೊಸ ಅಪ್‌ಡೇಟ್ ಹಾಕಿದ ದಿನದಿಂದ ಅದು ಮೂಕ! ನಾಳೆಯೂ ಹೀಗೇ ಇದ್ದರೆ ಕೆಲಸ ಬೇರೆಯವರಿಗೆ ಎಂದು ಮೇಲಿನವರು ಹೇಳಿಯಾಗಿತ್ತು.

ಇಂಟರ್ನೆಟ್ಟಿನಲ್ಲಿ ಅವಳು ಕೇಳದ ಜನವಿಲ್ಲ. ಒಬ್ಬ 'ರೀಸ್ಟಾರ್ಟ್ ಮಾಡಿ' ಎಂದ. ಇನ್ನೊಬ್ಬ 'ನನ್ನ ಹತ್ರ ಸರಿಯಾಗೇ ಇದೆ' ಎಂದ. ಅಯ್ಯೋ ನನ್ನಪ್ಪಾ, ನಿನ್ನ ಹತ್ರ ಸರಿ ಇದ್ರೆ ನಮ್ಮಮ್ಮನಿಗೇನು ಬಂತು ಭಾಗ್ಯ!

ಕೊನೆಗೆ ಆ ಸಾಫ್ಟ್‌ವೇರ್ ಬರೆದ 'ಮೌನಿ' ಎಂಬುವವನಿಗೇ ದೂರು ಹಾಕಿದಳು. ಪರದೆಯ ಫೋಟೋ ತೆಗೆದು ಕಳಿಸಿದಳು. ಉತ್ತರ ಎರಡೇ ಪದ: 'ಅಕ್ಷರ ಕಳಿಸಿ.' ಇನ್ನಷ್ಟು ಫೋಟೋ, ಜೊತೆಗೆ ಒಂದಿಷ್ಟು ಬೈಗುಳ ಕಳಿಸಿದಳು. 'ದೂರು ಖಾಲಿ ಇದೆ. ಮುಚ್ಚಲಾಗಿದೆ.' ಅದೇ ಪುಟದ ಕೆಳಗಿದ್ದ ವಿಳಾಸ ಹಿಡಿದು ನೇರ ಇಲ್ಲಿಗೇ ಬಂದಿದ್ದಳು.

"ಅಷ್ಟು ಫೋಟೋ ಹಾಕಿದ್ದೀನಿ, ಖಾಲಿ ಅಂತೀರಾ? ಎಷ್ಟ್ರೀ ಕೊಬ್ಬು! ಮಾತಾಡ್ತಿರೋದು ನಾನು, ತಿರುಗಿ ಕೂತಿರೋದು ಕಿಟಕಿ ಕಡೆ... ಮುಖ ನೋಡಿ ಮಾತಾಡಿ!"

ಯಾರೋ ಕೆಮ್ಮಿದರು.

"ನೋಡೋ ಹಾಗಿದ್ರೆ," ಅವನು ಮೆಲ್ಲಗೆ ಹೇಳಿದ, "ನಿಮ್ಮ ಫೋಟೋಗಳನ್ನೂ ನೋಡ್ತಿದ್ದೆ."

ಆಗ ಕಂಡಿತು ಅವಳಿಗೆ... ಅವನ ಬೆರಳುಗಳ ಕೆಳಗಿನ ಬ್ರೈಲ್ ಪಟ್ಟಿ. ಪರದೆಯ ಒಂದೊಂದು ಸಾಲೂ ಅಲ್ಲಿ ಉಬ್ಬುಚುಕ್ಕಿಗಳಾಗಿ ಏಳುತ್ತಿತ್ತು, ಬೀಳುತ್ತಿತ್ತು.

ಮನೆಯಲ್ಲೇ ಅಂಥ ಅಮ್ಮನಿದ್ದೂ ನನಗಿದು ಹೊಳೀಲಿಲ್ವಲ್ಲ! ಭೂಮಿ ಬಾಯಿ ಬಿಡಬಾರದೇ...

"ನಾನು... ನನಗೆ..."

"ಬೈಗುಳ ಮಾತ್ರ ಅಕ್ಷರದಲ್ಲೇ ಬರೆದಿದ್ರಿ. ಪೂರ್ತಿ ಓದಿದೀನಿ. ಬೆರಳು ಇನ್ನೂ ಉರೀತಿದೆ."

ನಗು ಬಂತು. ಹಾಳಾದ್ದು, ಈಗಲೇ ಬರಬೇಕೇ!

"ಕಾಣಲ್ಲ ಅಂತ ಒಂದು ಮಾತು ಬರೀಬಹುದಿತ್ತಲ್ಲ?"

"ಬರೆದ ಕೂಡ್ಲೇ ಎಲ್ಲರೂ ಅಯ್ಯೋ ಪಾಪ ಅಂತಾರೆ."

"ನಾನನ್ನಲ್ಲ. ನನಗಿನ್ನೂ ಸಿಟ್ಟಿದೆ."

ಅವನ ತುಟಿಯಂಚು ಮೊದಲ ಸಲ ಅಲುಗಿತು. ಲ್ಯಾಪ್‌ಟಾಪ್ ಚಾಲೂ ಮಾಡಿದ. ಅದು ಲಕ್ಷಣವಾಗಿ ಮಾತಾಡಿತು!

"ಸರಿಯಾಗೇ ಇದೆಯಲ್ಲ?"

"ಆ ಮಾತು ಇನ್ನೊಂದ್ಸಲ ಅಂದ್ರೆ ಕೊಂದೇಬಿಡ್ತೀನಿ!"

"ಹಾಗಾದ್ರೆ ತೊಂದ್ರೆ ಇದ್ರಲ್ಲಿಲ್ಲ, ನಿಮ್ಮ ಮನೇಲಿದೆ. ನಡೀರಿ."

ಮೆಟ್ಟಿಲ ಬಳಿ ಅವಳು ಅವನ ಕೈ ಹಿಡಿದು ಎಳೆಯಲಿಲ್ಲ. ಅಮ್ಮನಿಗೆ ಕೊಡುವ ಹಾಗೆ ಮೊಣಕೈ ಕೊಟ್ಟಳು. ಅವನು ಹಿಡಿದುಕೊಂಡ. ಅವಳ ಸಿಟ್ಟಿಗೆ ಯಾಕೋ ಅಲ್ಲೇ ದಾರಿ ತಪ್ಪಿತು.

ಮನೆಯಲ್ಲಿ ಎಂದಿನ ತಂತಿಗಳನ್ನು ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಮತ್ತೆ ಮೂಕವಾಯಿತು. ಅವನು ಒಂದೊಂದೇ ತಂತಿ ತಡವಿದ.

"ಇದೆಲ್ಲಿಗೆ ಹೋಗತ್ತೆ?"

"ದೊಡ್ಡ ಪರದೆಗೆ."

"ಅಮ್ಮನಿಗೆ ಪರದೆ ಯಾಕೆ?"

"ಅದು... ನಾನು ಇಯರ್‌ಫೋನ್ ಹಾಕ್ಕೊಂಡು ಸಿನಿಮಾ ನೋಡೋಕೆ."

ಅಮ್ಮ ಹಣೆ ಚಚ್ಚಿಕೊಂಡಳು.

"ಧ್ವನಿ ಸತ್ತಿಲ್ಲ. ನನ್ನ ಅಪ್‌ಡೇಟ್ ಅದನ್ನ ಈ ಪರದೆಗೆ ಕಳಿಸ್ತಿದೆ, ಪರದೆಗೆ ಸ್ಪೀಕರ್ ಇಲ್ಲ. ತಪ್ಪು ಬಾಗಿಲಲ್ಲಿ ನಿಂತು ಕೂಗ್ತಿದೆ, ಅಷ್ಟೇ. ಅಪ್‌ಡೇಟ್ ನಂದು, ತಂತಿ ನಿಮ್ದು. ತಪ್ಪು ಸಮಪಾಲು."

ಒಂದು ಸಾಲು ಕುಟ್ಟಿದ. ಧ್ವನಿ ಬಂತು! ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಇವಳ ಬಾಯಿಗೆ ಸಿಕ್ಕಿಯೂ ಮನೆವರೆಗೆ ಬಂದವನು ನೀನೊಬ್ಬನೇ ಕಣಪ್ಪ!"

"ಅಮ್ಮಾ!"

ಆಮೇಲೆ ಆ ಲ್ಯಾಪ್‌ಟಾಪಿಗೆ ಅದೇನು ರೋಗ ಬಡಿಯಿತೋ, ಪ್ರತಿ ಭಾನುವಾರವೂ ಒಂದು ತೊಂದರೆ. ಅವಳು ಆ ಕೋಣೆಗೆ ಹೊತ್ತು ತರುವುದು, ಅವನು ತಡಕಾಡುವುದು. ಒಂದು ದಿನ ಅವನ ತಾಳ್ಮೆಯೂ ಕೆಟ್ಟಿತು.

"ಇದ್ರಲ್ಲಿ ಏನೂ ಕೆಟ್ಟಿಲ್ಲ! ಹೋದ ವಾರವೂ ಕೆಟ್ಟಿರಲಿಲ್ಲ! ಸುಮ್ಸುಮ್ನೆ ಯಾಕ್ರೀ ತರ್ತೀರಿ?"

ಥೂ, ಎಂಥ ಮಂಕು! ಇಷ್ಟು ದೊಡ್ಡ ದೋಷ ಇವನಿಗೆ ಸಿಗ್ತಿಲ್ವಾ?

ಸುತ್ತ ಅಷ್ಟು ಕಿವಿಗಳು.

"ಬಾಯಲ್ಲಿ ಹೇಳೋಕೆ ಆಗ್ತಿಲ್ಲ..."

"ಹಾಗಾದ್ರೆ ಅಕ್ಷರ ಕಳಿಸಿ."

ಅವಳು ಅವನ ಕೀಬೋರ್ಡನ್ನೇ ಎಳೆದುಕೊಂಡು, ಗುದ್ದುವ ಹಾಗೆ ಒಂದು ಸಾಲು ಕುಟ್ಟಿದಳು: 'ಮಂಕೇ, ಲ್ಯಾಪ್‌ಟಾಪ್ ಬರೀ ನೆಪ, ನಾನು ಬರೋದು ನಿಮಗೋಸ್ಕರ.' ಚುಕ್ಕಿಗಳು ಎದ್ದವು. ಅವನ ಬೆರಳು ಕೊನೆಯವರೆಗೆ ಹೋಯಿತು... ನಿಂತಿತು... ಮತ್ತೆ ಮೊದಲಿಗೆ ಬಂತು.

"ಖಾಲಿ ಇದೆಯಾ?" ಅವಳು ಕೇಳಿದಳು.

"ಒಂದೇ ಸಾಲಿದೆ. ಓದಿ ಮುಗೀತಿಲ್ಲ."

"ಮತ್ತೆ... ಈ ದೂರನ್ನೂ ಮುಚ್ತೀರಾ?"

ಅವನ ಕೈ ಪಟ್ಟಿಯನ್ನು ಬಿಟ್ಟು, ಮೇಜಿನ ಮೇಲೆ ಅವಳ ಕೈಯನ್ನು ಹುಡುಕಿ ಹಿಡಿಯಿತು.

"ಮುಚ್ಚೋ ಮಾತೇ ಇಲ್ಲ ಕಣೇ. ಇನ್ನೊಂದು ಸಾಲು ಬೈಯಿ... ಓದ್ತೀನಿ."