ನಾಲ್ಕರಲ್ಲಿ ಇಲ್ಲದ ಉತ್ತರ

"ಸಾ, ನನ್ನ ಕನ್ನಡಕ ಕಾಣ್ತಿಲ್ಲ."

ರಂಜಿತ ಗೋಡೆ ತಡಕುತ್ತಾ ಪಡಸಾಲೆಗೆ ಬಂದಳು. ಲಂಗದ ಮೇಲೆ ಕಾಫಿ ಚೆಲ್ಲಿದ ಕಲೆ. ಜಡೆಯಲ್ಲಿ ಮಲ್ಲಿಗೆ. ಚಲುವರಾಜು ಮೇಷ್ಟ್ರು ತಿದ್ದುತ್ತಿದ್ದ ಉತ್ತರಪತ್ರಿಕೆ ಕೆಳಗಿಟ್ಟರು.

ತೊಂಬತ್ತಾರನೇ ಇಸವಿಯ ಮೇ ತಿಂಗಳ ಭಾನುವಾರ ಅದು. ಮಂಗಳವಾರ ಬೆಳಿಗ್ಗೆ ಮೈಸೂರಿನಲ್ಲಿ ಸಿಇಟಿ. ಮೇಷ್ಟ್ರ ಟ್ಯೂಷನ್‌ನಿಂದ ಈ ಸಲ ಮೆಡಿಕಲ್ ಸೀಟು ಖಂಡಿತ ಅನ್ನಿಸಿಕೊಂಡಿದ್ದವಳು ಇವಳೇ. ಕನ್ನಡಕ ತೆಗೆದರೆ ಪುಸ್ತಕ ಮೂಗಿಗೆ ತಾಗಿಸಿಕೊಂಡರೂ ಅವಳಿಗೆ ಅಕ್ಷರ ಕಲಸಿಹೋಗುತ್ತಿತ್ತು.

"ಎಲ್ಲಿಟ್ಟಿದ್ದೆಮ್ಮಾ?"

"ಹಿತ್ಲು ಬಚ್ಚಲ ಗೂಡಲ್ಲಿ ಸಾ. ಟೆಸ್ಟ್ ಮುಗುದ್ಮೇಲೆ ಮುಖ ತೊಳ್ಯಕ್ಕೆ ಹೋದೆ. ತೊಳ್ದು ನೋಡ್ತೀನಿ, ಇಲ್ಲ. ಆಗ್ಲಿಂದ ಹುಡುಕ್ತಾ ಇವ್ನಿ."

ಪಾಂಡವಪುರದಲ್ಲಿ ಚಲುವರಾಜು ಅವರಿಗೆ ಎರಡು ಹೆಸರು. ಎದುರಿಗೆ ಫಿಸಿಕ್ಸ್ ಮೇಷ್ಟ್ರು, ಬೆನ್ನ ಹಿಂದೆ ಪತ್ತೇದಾರಿ ಮೇಷ್ಟ್ರು. ಯಾರು ಯಾರದ್ದು ನೋಡಿ ಬರೆದರು, ಯಾರು ಜ್ವರ ಅಂತ ಹೇಳಿ ಸಿನಿಮಾಕ್ಕೆ ಹೋದರು, ಎಲ್ಲವನ್ನೂ ಕೂತಲ್ಲೇ ಕಂಡುಹಿಡಿಯುತ್ತಿದ್ದರು. ಆ ಎರಡನೆಯ ಹೆಸರು ಅವರ ಕಿವಿಗೂ ಬಿದ್ದಿತ್ತು, ಬಿದ್ದು ಸ್ವಲ್ಪ ತಲೆಗೂ ಏರಿತ್ತು. ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಗೇಟು ಹಾಕ್ರಲಾ! ಕಳ್ಳ ಸಿಗೋವರ್ಗೂ ಒಬ್ರೂ ಹೊರಗೆ ಹೋಗ್ಕೂಡ್ದು!"

ಅಷ್ಟರಲ್ಲಿ ಹೆಂಡತಿ ಯಶೋದಮ್ಮ ಬಂದರು. ಮೇಲುಕೋಟೆಗೆ ಹೊರಟಿದ್ದ ಅವರ ತಾಯಿ ಮತ್ತು ತಮ್ಮ ರವೀಂದ್ರ ದಾರಿಯಲ್ಲಿ ಇಲ್ಲಿ ಇಳಿದು ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿಂದು ಹೋಗಿದ್ದರು. ಅವರನ್ನು ಬಸ್ಸು ಹತ್ತಿಸಿ ಬಂದ ಯಶೋದಮ್ಮ ಗೇಟಿನ ಬಳಿಯೇ ನಿಂತುಬಿಟ್ಟರು.

ಮೇಷ್ಟ್ರು ಸೀಮೆಸುಣ್ಣ ಹಿಡಿದರು. ಸಿಇಟಿಗೆ ಅವರು ಕಲಿಸಿದ ಉಪಾಯ ಒಂದೇ. ಉತ್ತರ ಗೊತ್ತಿಲ್ಲದಿದ್ದರೆ ನಾಲ್ಕು ಆಯ್ಕೆಯಲ್ಲಿ ತಪ್ಪಾದ ಮೂರನ್ನು ಹೊಡೆದುಹಾಕಿ, ಉಳಿದದ್ದೇ ಸರಿ. ಹಲಗೆಯ ಮೇಲೆ ನಾಲ್ಕು ಬರೆದರು: ಕೋತಿ, ಹೊರಗಿನವರು, ಹುಡುಗಿಯರು, ಹುಡುಗರು.

"ಹಣ್ಣಾದ ಬಾಳೆಗೊನೆ ಬಿಟ್ಟು ಕನ್ನಡಕ ಎತ್ಕೊಂಡು ಹೋಗೋ ಕೋತಿ ಇಲ್ಲ." ಮೊದಲನೆಯದಕ್ಕೆ ಗೀಟು. ಹಿತ್ತಲ ಗೋಡೆಯ ಮೇಲೆ ಗಾಜಿನ ಚೂರು, ಹಾರುವವರಿಲ್ಲ. ಎರಡನೆಯದಕ್ಕೆ ಗೀಟು. ಹುಡುಗಿಯರ ಚೀಲಗಳನ್ನು ಯಶೋದಮ್ಮನೇ ಹುಡುಕಿದರು. ಏನೂ ಇಲ್ಲ. ಮೂರನೆಯದೂ ಹೋಯಿತು.

"ಹುಡುಗ್ರಲ್ಲಿ ಹಿತ್ಲಿಗೆ ಹೋಗಿದ್ದೋರು ಯಾರು?"

ರಂಜಿತಳ ಗೆಳತಿ ಅರ್ಪಿತ ಮೆಲ್ಲಗೆ ಹೇಳಿದಳು: "ಧರ್ಮೇಂದ್ರ ಬರ್ತಿದ್ದ ಸಾ ಆ ಕಡೆಯಿಂದ."

ಬೆಳಗೊಳದ ನರಸಯ್ಯನ ಮಗ ಧರ್ಮೇಂದ್ರ. ಎಲ್ಲ ಟೆಸ್ಟಿನಲ್ಲೂ ರಂಜಿತಳ ಹಿಂದೆಯೇ ಎರಡನೆಯವನು. ಮೇಷ್ಟ್ರಿಗೆ ಇನ್ನೇನು ಬೇಕು?

"ಹಿತ್ಲಿಗೆ ಯಾಕ್ಲಾ ಹೋಗಿದ್ದೆ?"

ಹುಡುಗ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಯಶೋದಮ್ಮ ಸೆರಗು ಬಿಗಿಯಾಗಿ ಹಿಡಿದು ನಿಂತಿದ್ದರು.

"ಅಲ್ಲೇನ್ ನೋಡ್ತೀಯ? ಎಲ್ಲಿಟ್ಟಿದ್ದೀಯ ಹೇಳ್ಲಾ!"

"ನಾನ್ ತಗಂಡಿಲ್ಲ ಸಾ."

ಮೇಷ್ಟ್ರ ಕೈ ಎದ್ದಿತು. ಎಲ್ಲರೆದುರು, ಕೆನ್ನೆಗೆ. ಧರ್ಮೇಂದ್ರ ಚೀಲವನ್ನು ಅಲ್ಲೇ ಸುರಿದು ತೋರಿಸಿದ. ಅದರಲ್ಲೂ ಕನ್ನಡಕವಿರಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಎತ್ತಿಕೊಂಡು ಹೊರಟುಹೋದ.

* * *

ಸಂಜೆ ರಂಜಿತಳ ತಾಯಿ ಮಂಗಳಮ್ಮ ಓಡಿ ಬಂದರು.

"ಮೈಸೂರ್ನಾಗೆ ಹೊಸದು ಮಾಡ್ಸಕ್ಕೆ ಮೂರು ದಿನ ಬೇಕಂತೆ ಮೇಷ್ಟ್ರೆ. ನನ್ ಮಗ್ಳು ಎರಡ್ ವರ್ಸದಿಂದ ನಿದ್ದೆಗೆಟ್ಟು ಓದವ್ಳೆ. ಅವ್ಳ ಗತಿ ಏನು?"

"ನಾಳೆ ತಂದ್ಕೊಡ್ತೀನಿ, ಮಂಗಳಮ್ಮ. ಕಳ್ಳ ಗೊತ್ತಾಗಿದ್ದಾನೆ."

ಒಳಗೆ ಪಾತ್ರೆಯೊಂದು ಬಿದ್ದ ಸದ್ದು ಕೇಳಿಸಿತು. ಮೇಷ್ಟ್ರು ತಿರುಗಿಯೂ ನೋಡಲಿಲ್ಲ.

* * *

ಸೋಮವಾರ ಬೆಳಿಗ್ಗೆ ಅವರ ಸ್ಕೂಟರು ಬೆಳಗೊಳದಲ್ಲಿ ನಿಂತಿತು. ನರಸಯ್ಯ ಹಸು ಕಟ್ಟುತ್ತಿದ್ದವನು ಹಗ್ಗ ಹಿಡಿದೇ ಬಂದ.

"ಮಗ ಎಲ್ಲಿ?"

"ನೆನ್ನೆ ಬಂದ, ಪುಸ್ತಕ ಮಡುಗ್ದ, ಕೇರ್‌ಪೇಟೆಗೆ ಅವ್ರ ಮಾವನ ಮನ್ಗೆ ಒಂಟೋದ. ಪರೀಕ್ಸೆ ಬರಿಯಾಕಿಲ್ಲ ಅಂದ್ಬುಟ್ಟ." ನರಸಯ್ಯ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಈ ಸಲ ಸೀಟು ಸಿಕ್ನಿಲ್ಲ ಅಂದ್ರೆ ಮತ್ತೆ ಓದ್ಸಕ್ಕೆ ನನ್ ಕೈಲಿ ಆಗಾಕಿಲ್ಲ ಕಣ್ಲಾ ಅಂದಿದ್ದೆ ಮೇಷ್ಟ್ರೆ. ಅದ್ಕೇ ಅಂಗೆ ಬಿದ್ದು ಬಿದ್ದು ಓದ್ತಿದ್ದ."

"ಹಿತ್ಲಿಗೆ ಯಾಕೆ ಹೋಗಿದ್ದ ಅಂತ ಹೇಳಿದ್ನಾ?"

"ಅಮ್ಮಾವ್ರು ಉಪ್ಪಿಟ್ಗೆ ಕರಿಬೇವು ಕಿತ್ಕೊಡು ಅಂದ್ರಂತೆ."

"ಅದನ್ನ ನಂಗ್ಯಾಕೆ ಹೇಳ್ಲಿಲ್ಲ?"

"ಅಮ್ಮಾವ್ರು ಅಲ್ಲೇ ನಿಂತಿದ್ರು, ಅವ್ರೇ ಏಳ್ತಾರೆ ಅಂತ ಕಾಯ್ದ್ನಂತೆ."

ಮೇಷ್ಟ್ರು ಸ್ಕೂಟರಿನ ಬಳಿಗೆ ಬಂದರು. ಅಡುಗೆಮನೆಯ ಬಾಗಿಲ ಕಡೆ ನೋಡಿದ ಹುಡುಗನ ಕಣ್ಣು ನೆನಪಾಯಿತು. ಲಂಗದ ಮೇಲಿನ ಕಾಫಿ ಕಲೆ ನೆನಪಾಯಿತು. ಬೆಳಿಗ್ಗೆ ಟೆಸ್ಟಿಗೆ ಕೂತಾಗ ರಂಜಿತಳ ಜಡೆಯಲ್ಲಿ ಮಲ್ಲಿಗೆ ಇರಲಿಲ್ಲ.

* * *

"ಯಶೋದಾ, ನಿನ್ನೆ ನಿಮ್ಮಮ್ಮಂಗೆ ಕಾಫಿ ಕೊಟ್ಟಿದ್ದು ಯಾರು?"

ಯಶೋದಮ್ಮ ಒಲೆಯ ಮುಂದೆ ಕೂತಿದ್ದರು. ತಲೆ ಎತ್ತಲಿಲ್ಲ.

"ಕನ್ನಡಕ ಕಳ್ಕೊಂಡು ದಾರಿ ಕಾಣ್ದೇ ಇರೋ ಹುಡುಗಿ ಕೈಲೇ ಯಾಕೆ ಲೋಟ ಕೊಟ್ಟೆ? ಬೇರೆ ಹುಡುಗೀರು ಇರ್ಲಿಲ್ವಾ? ಅವಳಿಗೆ ಹೂವು ಮುಡಿಸ್ದೋರು ಯಾರು? ಯಾವಾಗ್ಲೂ ನಡುಮನೇಲಿ ಕೂರೋ ನಿಮ್ಮಮ್ಮ ನಿನ್ನೆ ಬಿಸಿಲಲ್ಲಿ ಜಗಲಿ ಮೇಲೆ ಯಾಕೆ ಕೂತಿದ್ರು? ರವೀಂದ್ರಂಗೆ ಹೆಣ್ಣು ತೋರಿಸ್ತಿದ್ದೆ ನೀನು."

ಯಶೋದಮ್ಮ ಎದ್ದು ಹೋಗಿ ಹುಣಸೆಹಣ್ಣಿನ ಜಾಡಿಯ ಹಿಂದಿನಿಂದ ಒಂದು ಗಂಟು ತಂದರು. ಹಸಿರು ರವಿಕೆ ಕಣ. ಬಿಚ್ಚಿದರೆ ಕನ್ನಡಕ. ಒಂದು ಗೀರೂ ಇರಲಿಲ್ಲ.

"ಕನ್ನಡಕದ್ ಹುಡ್ಗಿ ಅಂದ್ರೆ ಅವ್ವ ಮುಖನೂ ನೋಡಾಕಿಲ್ಲ. ಒಂದ್ಸಲ ನೋಡ್ಕಳ್ಳಿ, ಆಮೇಲೆ ಕನ್ನಡಕದ್ ವಿಷ್ಯ ನಾನೇ ಏಳುವ ಅನ್ಕಂಡೆ. ಒಂದ್ ಗಳಿಗೆ ಅಷ್ಟೇ ಕಣ್ರೀ. ಬಸ್ ಹತ್ತಿಸ್ಬುಟ್ಟು ಬಂದು ಗೂಡಲ್ಲೇ ಮಡುಗ್ಬೇಕು ಅಂತಿದ್ದೆ. ಬರೋಷ್ಟ್ರಲ್ಲಿ ಗೇಟ್ ಹಾಕ್ಬುಟ್ಟಿದ್ರಿ. ಕಳ್ಳ ಕಳ್ಳ ಅಂತ ಕೂಗಾಡ್ತಿದ್ರಿ. ನಾನೇ ತಗಂಡೆ ಅಂತ ಅಷ್ಟು ಜನದೆದ್ರು ಎಂಗೆ ಏಳ್ಲಿ?"

"ಅವನಿಗೆ ಹೊಡೀವಾಗ್ಲೂ ಸುಮ್ನಿದ್ಯಲ್ಲೇ!"

"ಬಾಯೇ ಬರ್ನಿಲ್ಲ." ಯಶೋದಮ್ಮ ಈಗ ಗಂಡನ ಮುಖ ನೋಡಿದರು. "ನಿಮ್ಗೆ ಕೋಪ ಬಂದಾಗ ಈ ಮನೇಲಿ ನಾನು ಯಾವತ್ರೀ ಬಾಯಿ ಬಿಟ್ಟಿದ್ದೆ?"

ಮೇಷ್ಟ್ರು ಪಡಸಾಲೆಗೆ ಬಂದರು. ಹಲಗೆಯ ಮೇಲೆ ನಾಲ್ಕು ಆಯ್ಕೆ ಹಾಗೇ ಇದ್ದವು. ಮೂರಕ್ಕೆ ಅಚ್ಚುಕಟ್ಟಾಗಿ ಗೀಟು ಎಳೆದಿತ್ತು. ತಮ್ಮ ಮನೆಯವರನ್ನು ಅವರು ಬರೆದೇ ಇರಲಿಲ್ಲ.

* * *

ಕನ್ನಡಕವನ್ನು ಮಂಗಳಮ್ಮನ ಕೈಗಿಟ್ಟು, ನಡೆದದ್ದನ್ನು ಮುಚ್ಚಿಡದೆ ಹೇಳಿ, ಸ್ಕೂಟರು ಕೆ.ಆರ್.ಪೇಟೆಗೆ ಓಡಿಸಿದರು. ಧರ್ಮೇಂದ್ರನ ಮಾವ ಚಿಕ್ಕಯ್ಯ ತಲೆಯಾಡಿಸಿದ.

"ಬಂದಿದ್ದ ಮೇಷ್ಟ್ರೆ. ಊಟನೂ ಮಾಡ್ನಿಲ್ಲ. ಅಕ್ಕನ್ ಮನ್ಗೆ ಓಯ್ತೀನಿ ಅಂತ ಬೆಳಿಗ್ಗೆ ನಾಗಮಂಗಲದ ಬಸ್ ಹತ್ತುದ."

ನಾಗಮಂಗಲದಲ್ಲಿ ಅಕ್ಕನ ಮನೆಗೆ ಬೀಗ. ಮದುವೆಗೆ ಹೋಗಿದ್ದಾರೆ, ಯಾವ ಊರೋ ಗೊತ್ತಿಲ್ಲ ಎಂದರು ನೆರೆಯವರು. ಕತ್ತಲಾಗುವವರೆಗೂ ಮೇಷ್ಟ್ರು ಆ ಜಗಲಿಯಲ್ಲೇ ಕೂತರು. ಯಾರೂ ಬರಲಿಲ್ಲ. ಬರುವಾಗ ಬೆಳಗೊಳಕ್ಕೆ ಹೋಗಿ ನರಸಯ್ಯನ ಮುಂದೆ ಕೈಮುಗಿದರು.

ಮಂಗಳವಾರ ಮೈಸೂರಿನ ಬಸ್ಸು ಹತ್ತುವ ಮುಂಚೆ ಎಲ್ಲ ವಿದ್ಯಾರ್ಥಿಗಳನ್ನೂ ನಿಲ್ಲಿಸಿದರು.

"ಕನ್ನಡಕ ತೆಗೆದಿದ್ದು ನಮ್ಮ ಮನೆಯವ್ರು. ಧರ್ಮೇಂದ್ರ ಕರಿಬೇವು ತರೋಕೆ ಹೋಗಿದ್ದ ಅಷ್ಟೇ. ವಿಚಾರಿಸದೆ ಹೊಡೆದಿದ್ದು ನಾನು. ತಪ್ಪು ನಂದು."

ಅರ್ಪಿತ ಅಳುತ್ತಿದ್ದಳು. ಅವತ್ತು ಬೆಳಿಗ್ಗೆ ಬಯಾಲಜಿ, ಮಧ್ಯಾಹ್ನ ಮ್ಯಾಥ್ಸ್. ಧರ್ಮೇಂದ್ರನ ಜಾಗ ಎರಡಕ್ಕೂ ಖಾಲಿ ಇತ್ತು.

* * *

ಬುಧವಾರ ಫಿಸಿಕ್ಸ್ ಪರೀಕ್ಷೆಗೆ ಗಂಟೆ ಹೊಡೆಯುವ ಹೊತ್ತಿಗೆ ಧರ್ಮೇಂದ್ರ ಮೈಸೂರಿನ ಪರೀಕ್ಷಾ ಕೇಂದ್ರದ ಗೇಟಿನ ಬಳಿ ಬಂದ. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಹಾಲ್‌ಟಿಕೆಟ್ಟು. ಹಿಂದೆ, ಮದುವೆ ಮನೆಯಿಂದ ಅವನನ್ನು ಹುಡುಕಿ ಕರೆತಂದ ನರಸಯ್ಯ.

"ನನ್ನ ಕ್ಷಮಿಸಪ್ಪಾ," ಅಂದರು ಮೇಷ್ಟ್ರು. ಮುಂದಿನ ಮಾತು ಹೇಳದೆ ಗತ್ಯಂತರವಿರಲಿಲ್ಲ. "ನಿನ್ನೆಯ ಎರಡು ಪೇಪರ್ ಹೋಯ್ತಲ್ಲಪ್ಪಾ. ಇವತ್ತು ಬರೆದ್ರೂ ರ‍್ಯಾಂಕ್ ಕೊಡಲ್ಲ."

"ಗೊತ್ತು ಸಾ. ಬರ್ದೇ ಇದ್ರೆ ಕದ್ದಿದ್ಕೆ ಓಡೋದ ಅಂತಾರೆ. ಎಲ್ರೂ ನೋಡ್ಲಿ ಅಂತ ಬಂದೆ."

ರಂಜಿತ ಹತ್ತಿರ ಬಂದು ತನ್ನ ಎರಡು ಪೆನ್ಸಿಲಿನಲ್ಲಿ ಒಂದನ್ನು ಅವನಿಗೆ ಕೊಟ್ಟಳು. ಇಬ್ಬರೂ ಜೊತೆಯಲ್ಲೇ ಒಳಗೆ ಹೋದರು.

ಪರೀಕ್ಷೆ ಮುಗಿಯುವವರೆಗೂ ಮೇಷ್ಟ್ರು, ನರಸಯ್ಯ ಗೇಟಿನ ಆಚೆ ಈಚೆ ನಿಂತಿದ್ದರು. ಮಕ್ಕಳು ಗದ್ದಲ ಮಾಡುತ್ತಾ ಹೊರಗೆ ಬಂದರು. ಧರ್ಮೇಂದ್ರ ಎಲ್ಲರಿಗಿಂತ ಕೊನೆಯಲ್ಲಿ ಬಂದು, ಪ್ರತಿ ಟೆಸ್ಟಿನ ನಂತರ ನಿಲ್ಲುತ್ತಿದ್ದಂತೆ ಮೇಷ್ಟ್ರ ಮುಂದೆ ನಿಂತ.

"ನೀವ್ ಹೇಳ್ಕೊಟ್ಟಿದ್ದೇ ಬಂದಿತ್ತು ಸಾ. ಒಂದೂ ಬಿಡ್ದಂಗೆ ಬರ್ದಿದೀನಿ."

ಮೇಷ್ಟ್ರು ಅವನ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡು ಅವನು ಗುರುತು ಹಾಕಿಕೊಂಡಿದ್ದ ಒಂದೊಂದೇ ಉತ್ತರ ನೋಡುತ್ತಾ ಹೋದರು. ಎಲ್ಲವೂ ಸರಿಯಾಗಿದ್ದವು.