ಮೆತ್ತಗಿದ್ದ ದೋಣಿ

ಮೇಷ್ಟ್ರ ಹೆಣವನ್ನು ಕೆರೆಯ ದಡಕ್ಕೆ ತಂದಾಗ ಬೆಳಗ್ಗೆ ಎಂಟೂವರೆ. ಪಕ್ಕದಲ್ಲಿ ಅವರ ಬೂದು ಬಣ್ಣದ ರಬ್ಬರ್ ದೋಣಿ, ಗಾಳಿಯೆಲ್ಲ ಹೋಗಿ ಒದ್ದೆ ಗೋಣಿಚೀಲದಂತೆ ಬಿದ್ದಿತ್ತು. ಇನ್ಸ್‌ಪೆಕ್ಟರಮ್ಮ ಹೆಣದ ಪಕ್ಕ ಮೊಣಕಾಲೂರಿದಳು. ಹೆಣ ನೋಡುವುದು ಆಕೆಗೆ ಹೊಸದಲ್ಲ. ಆದರೆ ಆಕೆಗೆ ಅಕ್ಷರ ತಿದ್ದಿಸಿದವರು ಇವರು.

ಜೊತೆಗೆ ಮೀನು ಹಿಡಿಯಲು ಹೋಗಿದ್ದವನು ಮೇಷ್ಟ್ರ ಭಾಮೈದ. ಮೇಷ್ಟ್ರದೇ ಇನ್ನೊಂದು ಹಳದಿ ದೋಣಿಯಲ್ಲಿ ಕ್ಷೇಮವಾಗಿ ಮರಳಿದ್ದ.

"ನಡುನೀರಲ್ಲಿ ಇದ್ದಕ್ಕಿದ್ದ ಹಾಗೆ ಕುಸೀತು ಮೇಡಂ. ಬಾವನಿಗೆ ಈಜು ಬರಲ್ಲ. ನಾನು ದೂರ ಇದ್ದೆ."

"ಹೊರಡುವಾಗ ದೋಣಿ ಹೇಗಿತ್ತು?"

"ಎರಡೂ ಕಲ್ಲಿನ ಹಾಗೆ ಗಟ್ಟಿ ಇದ್ವು. ತೇಪೆ ಬಿಟ್ಟಿರಬೇಕು. ಹೋದ ವಾರ ಆ ಪಂಕ್ಚರಿನವನೇ ಹಾಕಿದ್ದು."

ಗುಂಪು ಪಂಕ್ಚರ್ ಅಂಗಡಿಯ ಮುದುಕನ ಕಡೆ ತಿರುಗಿತು. ಪೇದೆ ಆಗಲೇ ಅವನ ರಟ್ಟೆ ಹಿಡಿದಿದ್ದ.

"ನಲವತ್ತು ವರ್ಷದಿಂದ ತೇಪೆ ಹಾಕ್ತಿದೀನಿ ತಾಯಿ. ಜೈಲಿಗೆ ಹಾಕೋ ಮುಂಚೆ ಒಂದು ತೊಟ್ಟಿ ನೀರು ಕೊಡಿ," ಎಂದ ಮುದುಕ.

*

ಮೇಷ್ಟ್ರ ಮನೆಯ ಹಿತ್ತಿಲು. ಮುದುಕ ದೋಣಿಗೆ ಗಾಳಿ ತುಂಬಿ ತೊಟ್ಟಿಯಲ್ಲಿ ಅದುಮಿದ. ತೇಪೆಯಿಂದ ಒಂದು ಗುಳ್ಳೆಯೂ ಏಳಲಿಲ್ಲ. ಸೀಟಿನ ಅಡಿ ಮಾತ್ರ ಬುಳುಬುಳು ಎಂದಿತು. ಎರಡು ಗಾಳಿಚೀಲ, ಎರಡಕ್ಕೂ ಒಂದೊಂದು ಬ್ಲೇಡಿನ ಗೀರು. ಮುದುಕ ಅಂಚನ್ನು ಉಗುರಿನಿಂದ ಕೆರೆದು ಮೂಸಿದ.

"ಸೋಪು. ಸೀಳಿ ಸೋಪು ಮೆತ್ತಿದಾರೆ. ದಡದಲ್ಲಿ ತುಸು ಸೋರತ್ತೆ, ಅಷ್ಟೆ. ನೀರಲ್ಲಿ ಸೋಪು ಕರಗಿತೋ, ಮುಗೀತು ಕಥೆ."

ಇನ್ಸ್‌ಪೆಕ್ಟರಮ್ಮನ ಬೆರಳು ಗೀರಿನ ಉದ್ದಕ್ಕೂ ಸರಿಯಿತು. ಕೊಲೆ. ಆದರೆ ಇರುವ ಎರಡರಲ್ಲಿ ಮೇಷ್ಟ್ರು ಇದನ್ನೇ ಹತ್ತುತ್ತಾರೆಂದು ಕೊಂದವನಿಗೆ ತಿಳಿದದ್ದು ಹೇಗೆ?

*

ಮೇಷ್ಟ್ರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಅವರ ತಮ್ಮ, ಜೊತೆಗೆ ಹೋಗಿದ್ದ ಆ ಭಾಮೈದ, ಬಾಗಿಲ ಬಳಿ ನಿಂತಿದ್ದ.

"ಅಮ್ಮಾ, ಮೇಷ್ಟ್ರು ಯಾವ ದೋಣೀಲಿ ಹೋಗ್ತಿದ್ರು?"

"ಹಳದೀಲಿ. ಅದು ಇಕ್ಕಟ್ಟು, ಕಾಲು ಚಾಚಕ್ಕಾಗಲ್ಲ. ಬೂದು ದೋಣಿ ಜೊತೆಗೆ ಬಂದವರಿಗೆ ಬಿಡೋರು."

"ಇವತ್ತು ಯಾಕೆ ಬದಲಾಯ್ತು?"

"ಹೊರಡೋ ಮುಂಚೆ ಎರಡನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡೋರು. ಮೆತ್ತಗಿದ್ದದ್ದಕ್ಕೆ ನಾಲ್ಕು ಪಂಪು ಹೊಡೆದು ತಾವೇ ಹತ್ತೋರು. ಬಂದವರಿಗೆ ಭಯ ಆಗಬಾರದಂತೆ."

"ಈ ಅಭ್ಯಾಸ ಯಾರಿಗೆ ಗೊತ್ತು?"

"ಮನೆಯವರಿಗೆ ಮಾತ್ರ. ನನಗೆ, ಮತ್ತೆ..."

ಅವರು ಬಾಗಿಲ ಕಡೆ ನೋಡಿದರು.

ಇನ್ಸ್‌ಪೆಕ್ಟರಮ್ಮ ಭಾಮೈದನತ್ತ ತಿರುಗಿದಳು. "ಎರಡೂ ಕಲ್ಲಿನ ಹಾಗಿದ್ವು ಅಂದೆ. ಹಾಗಿದ್ದಿದ್ರೆ ಬೂದು ದೋಣಿ ನಿಂಗೆ ಬರ್ತಿತ್ತು. ಅದು ಮೆತ್ತಗಿತ್ತು, ಅದಕ್ಕೇ ಅವರು ಹತ್ತಿದ್ರು. ಮೆತ್ತಗೆ ಮಾಡಿದವನು ನೀನು. ಅದಕ್ಕೇ ಮುಚ್ಚಿಟ್ಟೆ."

ಅವನು ಹೊಸ್ತಿಲ ಮೇಲೆ ಕೂತ.

"ಸುಳ್ಳು ಸರ್ಟಿಫಿಕೇಟ್ ಕೊಟ್ಟು ಕೆಲಸಕ್ಕೆ ಸೇರಿದ್ದೆ. ಬಾವನಿಗೆ ಗೊತ್ತಾಯ್ತು. ಸೋಮವಾರದೊಳಗೆ ನೀನೇ ಹೋಗಿ ಒಪ್ಕೋ, ಇಲ್ಲದಿದ್ರೆ ನಾನು ಹೇಳ್ತೀನಿ ಅಂದ್ರು."

ಹಿತ್ತಿಲಿಂದ ಮುದುಕನನ್ನು ಮತ್ತೆ ಹಿಡಿದು ತಂದಿದ್ದ ಪೇದೆ ಈಗ ಅವನ ರಟ್ಟೆ ಬಿಟ್ಟ. ಮುದುಕ ತೋಳು ಉಜ್ಜಿಕೊಂಡ. "ಉಂಡ ಮನೆ ಜಂತೆ ಎಣಿಸಿದೋರ್ನ ಕಂಡಿದ್ದೆ. ಮನೇನೇ ಕೆಡವಿದೋನ್ನ ಇವತ್ತು ಕಂಡೆ."

ಅಕ್ಕ ತಮ್ಮನನ್ನೇ ನೋಡುತ್ತಿದ್ದರು. ಅಳು ಇನ್ನೂ ಬಂದಿರಲಿಲ್ಲ.

"ಹತ್ತೋವಾಗ ನಿಂಗೆ ಏನಾದ್ರೂ ಅಂದ್ರೇನೋ ಅವರು?"

ಅವನು ತಲೆ ಎತ್ತಲಿಲ್ಲ.

"ಹಳದೀಲಿ ಇಕ್ಕಟ್ಟಾಗತ್ತೆ, ಬೇಜಾರು ಮಾಡ್ಕೋಬೇಡ ಕಣೋ ಅಂದ್ರು ಅಕ್ಕ."