ಮರೆತ ಕೈ

ಗೂಳಿಯ ಮೊಣಕೈ ನನ್ನ ಗಂಟಲ ಮೇಲಿತ್ತು.

ಆಸ್ಪತ್ರೆಯ ಲಾಂಡ್ರಿ. ಬೆನ್ನಿಗೆ ಬಿಸಿ ಡ್ರೈಯರ್. ಗೂಳಿ ಎಂದರೆ ಅಲ್ಲಿನ ಸೆಕ್ಯೂರಿಟಿ ಮುಖ್ಯಸ್ಥ. ಕುತ್ತಿಗೆ ಎಂಬುದನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ.

"ಹಾಳೆ ಎಲ್ಲಿ?"

"ಯಾವ ಹಾಳೆ?"

"ನಿನ್ನ ಕರೆಸಿದ್ದೇ ಅದನ್ನ ತರೋಕೆ. ತಂದಿದ್ದೀಯ. ಕೊಡ್ತಾ ಇಲ್ಲ. ಯಾಕೆ?"

"ಓದಿಬಿಟ್ಟೆ ಕಣಯ್ಯಾ."

ಅದೇ ನನ್ನ ತಪ್ಪು, ತಾಯಿ. ಇಪ್ಪತ್ತು ವರ್ಷದಿಂದ ಇಂಥದ್ದೇ ಕೆಲಸ. ಹೇಳಿದ್ದನ್ನು ಎತ್ತುವುದು, ತಲುಪಿಸುವುದು, ಮನೆಗೆ ಹೋಗಿ ಮಲಗುವುದು. ಓದಿದ್ದು ಇದೇ ಮೊದಲು.

ನಿಮ್ಮ ಯಜಮಾನರು ತೀರಿಕೊಂಡ ಆಪರೇಷನ್ನಿನ ಹಾಳೆ ಅದು. ಲಿವರ್ ಕ್ಯಾನ್ಸರಿನ ಗಡ್ಡೆಯನ್ನು ಅಲ್ಲಿ ರೋಬೊ ತಾನಾಗಿ ಕೊಯ್ಯುತ್ತದೆ. ದೊಡ್ಡ ಡಾಕ್ಟರು ಮೂಲೆಯಲ್ಲಿ ಪರದೆಯ ಮುಂದೆ ಕೂತು ಕಾವಲಿರುತ್ತಾರೆ. ಮಷೀನು ಎಷ್ಟು ನಿಮಿಷ ಕೊಯ್ದಿತು, ಡಾಕ್ಟರ ಕೈ ಎಷ್ಟು ನಿಮಿಷ... ಥಿಯೇಟರಿನ ಸಿಸ್ಟರ್ ಒಬ್ಬರು ಪ್ರತಿ ಸಲವೂ ಬರೆದಿಟ್ಟಿದ್ದರು. ಎರಡು ವರ್ಷದ ಲೆಕ್ಕ. ಕೈಯ ಕಾಲಮ್ಮಿನ ತುಂಬ ಸೊನ್ನೆ.

ಕೊನೆಯ ಸಾಲು ನಿಮ್ಮವರದು. ರಕ್ತನಾಳ ಹರಿಯಿತು. ಅಂಥ ಹೊತ್ತಿನಲ್ಲಿ ಮಷೀನು ನಿಂತು, ಇನ್ನು ನೀವು ನೋಡಿಕೊಳ್ಳಿ ಎಂದು ಡಾಕ್ಟರಿಗೆ ಬಿಟ್ಟುಕೊಡುತ್ತದೆ. ಬಿಟ್ಟುಕೊಟ್ಟಿತು. ತೊಂಬತ್ತು ಸೆಕೆಂಡು ಡಾಕ್ಟರ ಕೈ ಅಲ್ಲಾಡಲಿಲ್ಲ. ಸುತ್ತ ಇದ್ದವರು ಅವರ ಅಪ್ಪಣೆಗೆ ಕಾದರು.

ಹೃದಯ ನಿಂತಿತು ಎಂದರಲ್ಲವೆ ನಿಮಗೆ? ಸುಳ್ಳಲ್ಲ. ಕೊನೆಗೆ ಎಲ್ಲರದೂ ನಿಲ್ಲುತ್ತದೆ.

ಆ ಹಾಳೆಯನ್ನು ಸಿಸ್ಟರ್ ಲಾಕರಿನಿಂದ ಕದ್ದು ತರಲು ಆಸ್ಪತ್ರೆಯವರ ಹತ್ತಿರ ನಾನು ಕೇಳಿದ್ದು ಒಂದೇ. ನಮ್ಮಕ್ಕನಿಗೂ ಅದೇ ಕಾಯಿಲೆ. ಅವಳ ಸರದಿ ಮುಂದಕ್ಕೆ ತನ್ನಿ, ದೊಡ್ಡ ಡಾಕ್ಟರೇ ಮಾಡಲಿ. ಒಪ್ಪಿದರು. ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಆಪರೇಷನ್ ಎಂದರು.

ಲಾಂಡ್ರಿಯ ಗಡಿಯಾರದಲ್ಲಿ ಹತ್ತು ಇಪ್ಪತ್ತು ಆಗಿತ್ತು.

ಗೂಳಿಯ ಪಾದದ ಮೇಲೆ ಹಿಮ್ಮಡಿ ಊರಿದೆ. ಮೊಣಕೈ ಸಡಿಲವಾಯಿತು. ಒದ್ದೆ ಬೆಡ್‌ಶೀಟಿನ ಗಾಡಿಯನ್ನು ಅವನ ಹೊಟ್ಟೆಗೆ ನೂಕಿ ಓಡಿದೆ.

ಮೂರು ಮಹಡಿ. ಐವತ್ತೆಂಟು ವರ್ಷದ ಮಂಡಿ. ಎರಡನೆಯ ಮಹಡಿಯಲ್ಲಿ ಅದು ರಾಜೀನಾಮೆ ಕೊಟ್ಟಿತು. ಹಿಂದೆ ಬೂಟಿನ ಸದ್ದೂ ನಿಂತಿತು. ಇಬ್ಬರೂ ಕಂಬಿ ಹಿಡಿದು ಏದುಸಿರು ಬಿಟ್ಟೆವು.

"ನಿಲ್ಲೋ..." ಎಂದ.

"ನಿಂತೇ ಇದೀನಲ್ಲಪ್ಪಾ," ಎಂದೆ.

ಮತ್ತೆ ಓಡಿದೆವು.

ಥಿಯೇಟರಿನ ಪಕ್ಕದ ಕೋಣೆಯಲ್ಲಿ ದೊಡ್ಡ ಡಾಕ್ಟರು ಕೈ ತೊಳೆಯುತ್ತಿದ್ದರು. ಒಳಗೆ ನುಗ್ಗಿ ಚಿಲಕ ಹಾಕಿದೆ. ಗೂಳಿ ಹೊರಗಿನಿಂದ ಗುದ್ದತೊಡಗಿದ.

"ಟೇಬಲ್ ಮೇಲಿರೋದು ನಮ್ಮಕ್ಕ, ಡಾಕ್ಟ್ರೇ. ಮಷೀನು ಬಿಟ್ಟುಕೊಟ್ರೆ ಹಿಡೀತೀರಾ?"

ಅವರು ನನ್ನನ್ನು ನೋಡಲಿಲ್ಲ. ತಮ್ಮ ಕೈಗಳನ್ನು ನೋಡಿಕೊಂಡರು.

"ಕೈ ನಡುಗಲ್ಲ ಕಣ್ರೀ. ಚೆನ್ನಾಗೇ ಇದೆ. ಮರೆತಿದೆ, ಅಷ್ಟೆ."

"ಮರೆಯದೇ ಇರೋರು ಯಾರಿದ್ದಾರೆ?"

"ಕೆಳಗೆ, ಜನರಲ್ ವಾರ್ಡಿನಲ್ಲಿ. ನನ್ನ ಶಿಷ್ಯೆ. ಅವಳಿಗೆ ನಾವು ಮಷೀನ್ ಕೊಡಲಿಲ್ಲ. ವಾರಕ್ಕೆ ಮೂರು ಆಪರೇಷನ್ ಕೈಯಲ್ಲೇ ಮಾಡ್ತಾಳೆ."

"ಕರೀರಿ."

"ಹಾಳೆ ಕೊಡಿ, ಕರೀತೀನಿ. ಇಲ್ಲಾಂದ್ರೆ ಅಕ್ಕನ್ನ ಕರ್ಕೊಂಡು ಹೋಗಿ. ಬೇರೆ ಕಡೆ ಸರದಿ ಬರೋಕೆ ಮೂರು ತಿಂಗಳು. ಅಷ್ಟು ದಿನ ಅವರ ಹತ್ರ ಇಲ್ಲ."

ದನಿಯಲ್ಲಿ ಒರಟಿರಲಿಲ್ಲ. ಬರೀ ಸುಸ್ತು... ನನ್ನದರಂತೆಯೇ.

ಕಾಲುಚೀಲದಿಂದ ಹಾಳೆ ತೆಗೆದುಕೊಟ್ಟೆ. ಅವರು ಓದಲಿಲ್ಲ. ನಲ್ಲಿಯ ಕೆಳಗೆ ಹಿಡಿದರು. ಶಾಯಿ ಕರಗಿ ನೀಲಿಯಾಗಿ ಹರಿದುಹೋಯಿತು. ಆಮೇಲೆ ಮೊದಲಿನಿಂದ ಕೈ ತೊಳೆದುಕೊಂಡರು.

ನಾನು ಚಿಲಕ ತೆಗೆದೆ. ಶಿಷ್ಯೆ ಬಂದರು. ಸಣ್ಣ ಜೀವ, ಅಳತೆ ಮೀರಿದ ಚಪ್ಪಲಿ. ನಿಂತೇ ವಿಷಯ ಕೇಳಿದರು.

"ಮಷೀನ್ ಇರಲಿ ಸರ್. ನನಗಿಂತ ನೇರವಾಗಿ ಕೊಯ್ಯುತ್ತೆ. ನಾನು ಟೇಬಲ್ ಪಕ್ಕ ನಿಲ್ತೀನಿ. ಅದು ಕೈಬಿಟ್ರೆ ಹಿಡ್ಕೋತೀನಿ. ಆದ್ರೆ ನಿಮ್ಮ ಅಪ್ಪಣೆಗೆ ಕಾಯಲ್ಲ."

"ಕಾಯಬೇಡಮ್ಮ," ಎಂದರು ದೊಡ್ಡ ಡಾಕ್ಟರು.

ಐದು ಗಂಟೆ ಹೊತ್ತು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಗೂಳಿ, ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತ. ಹಾಳೆ ಹೋದ ಮೇಲೆ ನಮ್ಮಿಬ್ಬರ ನಡುವೆ ಜಗಳಕ್ಕೆ ಏನೂ ಉಳಿದಿರಲಿಲ್ಲ.

ಮಷೀನು ಎರಡು ಸಲ ನಿಂತಿತಂತೆ. ಎರಡನೆಯ ಸಲ ರಕ್ತ ಚಿಮ್ಮಿತಂತೆ. ಪರದೆಯಲ್ಲಿ ಕೆಂಪು ಹರಡುವ ಮೊದಲೇ ಆಕೆಯ ಇಕ್ಕಳ ನಾಳವನ್ನು ಕಚ್ಚಿ ಹಿಡಿದಿತ್ತಂತೆ.

ಇವತ್ತು ಬೆಳಿಗ್ಗೆ ಅಕ್ಕ ಕಣ್ಣು ಬಿಟ್ಟಳು.

"ದೊಡ್ಡ ಡಾಕ್ಟ್ರೇ ಮಾಡಿದ್ರೇನೋ?"

"ಹೂಂ, ಅಕ್ಕ."

"ಪುಣ್ಯಾತ್ಮ."

ಅವಳಿಗೆ ಹಾಗೆ ಹೇಳಿ, ನೇರ ನಿಮ್ಮ ಬಾಗಿಲಿಗೆ ಬಂದೆ ತಾಯಿ. ನಿಮಗೆ ಸೇರಬೇಕಾದ ಹಾಳೆಯನ್ನು ಕೊಟ್ಟು ನಮ್ಮಕ್ಕನನ್ನು ಉಳಿಸಿಕೊಂಡೆ. ನ್ಯಾಯವಲ್ಲ, ಗೊತ್ತು. ಆದರೆ ಅದರಲ್ಲಿದ್ದುದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಬರೆದ ಸಿಸ್ಟರಿಗೂ ಹೇಳಿದೆ, ಅವರ ಲಾಕರಿನಿಂದ ಹಾಳೆ ಕದ್ದವನು ನಾನೇ ಎಂದು. ಆಕೆ ಮೊದಲು ತಮ್ಮ ಚಪ್ಪಲಿಯ ಕಡೆ ನೋಡಿದರು. ಆಮೇಲೆ, ಸಾಕ್ಷಿಗೆ ಬರುತ್ತೇನೆ ಎಂದರು.

ಬೈಯುವುದನ್ನು ದಾರಿಯಲ್ಲಿ ಬೈಯಿರಿ. ವಕೀಲರ ಆಫೀಸು ಐದಕ್ಕೆ ಮುಚ್ಚುತ್ತದೆ.